ಹೆಜ್ಜೆಗೆ ಕಟ್ಟಿದ ಮಟ್ಟು

ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆಯ ಕಡೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಹಳದಿ ಮತ್ತು ಕಿತ್ತಳೆ. ಊಟಿ ರಸ್ತೆಯ ಎರಡು ಮಗ್ಗುಲಿಗೂ ಚೆಂಡುಹೂವಿನ ಹೊಲ, ಅಲ್ಲಲ್ಲಿ ಸೂರ್ಯಕಾಂತಿ, ಹಿಂದೆ ಮೋಡ ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಆ ತಿಂಗಳ 15ರ ಬೆಳಿಗ್ಗೆ ಊರಿನ ಮೈದಾನದಲ್ಲಿ ಜಿನುಗುಮಳೆಗೆ ನೆಲ ಇನ್ನೂ ಮೆತ್ತಗಿರುತ್ತದೆ. ಬಿಳಿ ಕ್ಯಾನ್ವಾಸ್ ಶೂಗೆ ಕೆಸರು ಮೆತ್ತಿಕೊಂಡೀತೆಂದು ಮಕ್ಕಳು ತುದಿಗಾಲಲ್ಲಿ ನಿಂತಿರುತ್ತಾರೆ. ಪಿಟಿ ಮೇಷ್ಟ್ರು ‘ಸಾವಧಾನ್’ ಎನ್ನುತ್ತಾರೆ, ‘ತೇಜ್ ಚಲ್’ ಎನ್ನುತ್ತಾರೆ. ದೊಡ್ಡ ಡ್ರಮ್ಮು ಎರಡು ಏಟು ಕೊಟ್ಟಿತೋ ಇಲ್ಲವೋ, ಅದುವರೆಗೆ ತಮ್ಮ ತಮ್ಮ ಪಾಡಿಗಿದ್ದ ನೂರಾರು ಎಡಗಾಲುಗಳು ಒಟ್ಟಿಗೆ ನೆಲ ಮುಟ್ಟುತ್ತವೆ.

ಇಂಥ ಪಥಸಂಚಲನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಧಾಟಿ ಇದೆ. ಚಾಮರಾಜನಗರದ ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದಲ್ಲಾಗಲಿ, ಹಳ್ಳಿಯ ಹೈಸ್ಕೂಲಿನ ಅಂಗಳದಲ್ಲಾಗಲಿ, ಬ್ಯಾಂಡಿನವರು ಅದನ್ನು ಎತ್ತಿಕೊಂಡರೆ ನಿಂತವರ ಕಾಲೂ ತಾನಾಗಿ ಕುಟ್ಟತೊಡಗುತ್ತದೆ. ‘ಮಾರ್ಚ್ ಟ್ಯೂನು’ ಎಂದೋ ‘ಪರೇಡ್ ಹಾಡು’ ಎಂದೋ ಕರೆದು ಜನ ಸುಮ್ಮನಾಗುತ್ತಾರೆ. ಅದರ ಹೆಸರು ‘ಕದಮ್ ಕದಮ್ ಬಢಾಯೇ ಜಾ’. ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಸಾಗು ಎಂದರ್ಥ. ಅದರ ಮಾತುಗಳು ಹಿಂದಿ. ಆ ಮಾತುಗಳು ಬಾರದ ನಮ್ಮ ಮಕ್ಕಳಿಗೂ ಧಾಟಿ ಮಾತ್ರ ಬಾಯಿಪಾಠ. ನನ್ನ ಕುತೂಹಲ ಶುರುವಾಗುವುದು ಅಲ್ಲಿಂದಲೇ. ಮಾತು ಬಿಟ್ಟುಹೋದರೂ ಧಾಟಿ ಉಳಿಯುತ್ತದೆ, ಹುಟ್ಟಿಸಿದ ಸೈನ್ಯ ಚದುರಿಹೋದರೂ ಧಾಟಿ ಉಳಿಯುತ್ತದೆ. ಹೇಗೆ?

ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡದಲ್ಲೇ ಒಳ್ಳೆಯ ಪದವೊಂದಿದೆ: ಮಟ್ಟು. ಹಳೆಯ ಕಂಪನಿ ನಾಟಕಗಳ ಹಾಡಿನ ಪುಸ್ತಕ ತೆರೆದು ನೋಡಿದವರಿಗೆ ಇದು ಗೊತ್ತು. ಪ್ರತಿ ಹಾಡಿನ ತಲೆಯ ಮೇಲೆ ‘ಮಟ್ಟು’ ಎಂದು ಬರೆದು, ಎದುರಿಗೆ ಬೇರೊಂದು ಹಾಡಿನ ಮೊದಲ ಮಾತನ್ನು ಕೊಟ್ಟಿರುತ್ತಾರೆ. ಆ ಹಾಡು ಹಿಂದೂಸ್ತಾನಿ ಚೀಜಾಗಿರಬಹುದು, ಪಾರ್ಸಿ ನಾಟಕದ್ದಾಗಿರಬಹುದು, ಹೆಸರಾಂತ ಕೀರ್ತನೆಯಾಗಿರಬಹುದು. ಕವಿ ಅದರ ಮಾತನ್ನು ತೆಗೆದು ತನ್ನ ಮಾತನ್ನು ತುಂಬಿದ್ದಾನೆ. ಇದರಲ್ಲಿ ಕಳ್ಳತನವಿಲ್ಲ, ಮುಚ್ಚುಮರೆಯೂ ಇಲ್ಲ. ಪಾತ್ರೆ ಯಾರದೆಂದು ಮೇಲೆಯೇ ಬರೆದಿದೆ. ಭಜನೆ ಮಂಡಲಿಯವರೂ ಸೋಬಾನೆ ಹೇಳುವ ಹೆಂಗಸರೂ ಇದನ್ನೇ ಮಾಡುತ್ತಾ ಬಂದಿದ್ದಾರೆ. ಸೈನ್ಯದ ಮಾರ್ಚ್ ಧಾಟಿಯೂ ಒಂದು ಮಟ್ಟು. ಅದನ್ನು ಕಟ್ಟಿರುವುದು ಮಾತಿನ ಅಳತೆಗಲ್ಲ, ಕಾಲಿನ ಅಳತೆಗೆ. ವ್ಯತ್ಯಾಸ ಅಷ್ಟೇ.

ಕಾಲಿನ ಅಳತೆ ಎಂದರೆ ನಿಜವಾದ ಅಳತೆ. ತೇಜ್ ಚಲ್ ನಡಿಗೆಯಲ್ಲಿ ಒಂದು ಹೆಜ್ಜೆಗೆ 30 ಅಂಗುಲ, ನಿಮಿಷಕ್ಕೆ ಸುಮಾರು 120 ಹೆಜ್ಜೆ. ಲೆಕ್ಕ ಹಾಕಿದರೆ ನಿಮಿಷಕ್ಕೆ 300 ಅಡಿ, ಅಂದರೆ ನೂರು ಗಜ. ಸೆಕೆಂಡಿಗೆ ಎರಡು ಹೆಜ್ಜೆ, ಒಂದು ಎಡ, ಒಂದು ಬಲ. ದೊಡ್ಡ ಡ್ರಮ್ಮಿನ ಏಟು ಎಡಗಾಲಿಗೆ ಬೀಳಬೇಕು. ಸಂಗೀತ ಕಲಿತವರಿಗೆ ಇದನ್ನು ಹೀಗೆ ಹೇಳಬಹುದು: ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆಯಿದ್ದಂತೆ ಇಲ್ಲಿ ಎಂಟು ಹೆಜ್ಜೆ, ನಾಲ್ಕು ಎಡ, ನಾಲ್ಕು ಬಲ. ಅಷ್ಟರೊಳಗೆ ಒಂದು ಸಾಲು ಮುಗಿಯಬೇಕು, ಊದುವವನಿಗೆ ಉಸಿರೆಳೆದುಕೊಳ್ಳಲು ಒಂದು ಚೂರು ಜಾಗವೂ ಸಿಗಬೇಕು. ನಮ್ಮ ಧಾಟಿಯ ಹೆಸರನ್ನೇ ಒಮ್ಮೆ ನಡೆಯುತ್ತಾ ಹೇಳಿ ನೋಡಿ. ಎರಡು ಸಲ ಬರುವ ‘ಕದಮ್’ ಎರಡು ಹೆಜ್ಜೆಯಂತೆ ಬೀಳುತ್ತದೆ. ಕೊನೆಯ ‘ಜಾ’ ದೀರ್ಘವಾಗಿ ನಿಂತು ಮುಂದಿನ ಸಾಲಿಗೆ ದಾರಿ ಮಾಡಿಕೊಡುತ್ತದೆ. ಕಾಲು, ಉಸಿರು, ಮಾತು ಮೂರೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿವೆ.

ಹೀಗೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕೆಂಬ ಹಟ ಎಲ್ಲಿಂದ ಬಂತು? ನಮ್ಮ ಕಡೆಯೂ ಜನ ಗುಂಪಾಗಿ ನಡೆಯುತ್ತಾರೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟವರು ದಾರಿಯುದ್ದಕ್ಕೂ ‘ಉಘೇ ಉಘೇ’ ಎನ್ನುತ್ತಾರೆ. ಒಬ್ಬರು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ, ಏರು ಹತ್ತುವಾಗಿನ ಆಯಾಸ ಅದರಲ್ಲಿ ಕರಗುತ್ತದೆ. ಆದರೆ ಅಲ್ಲಿ ಎಡಗಾಲು ಬಲಗಾಲಿನ ಲೆಕ್ಕವಿಲ್ಲ. ಮುದುಕಿಯ ನಡಿಗೆ ಮುದುಕಿಯದು, ಹುಡುಗನದು ಹುಡುಗನದು. ಒಂದೇ ಹೆಜ್ಜೆ ಬೇಕಾದದ್ದು ಬಂದೂಕಿನ ಕಾಲದ ಯುರೋಪಿನ ಕಾಲಾಳುಗಳಿಗೆ. ಹದಿನೆಂಟನೇ ಶತಮಾನದ ಕೋವಿಗೆ ಗುರಿ ನೆಚ್ಚುವಂತಿರಲಿಲ್ಲ. ಒಮ್ಮೆ ಹಾರಿಸಿದರೆ ಮತ್ತೆ ಮದ್ದು ತುಂಬಲು ಹೊತ್ತು ಹಿಡಿಯುತ್ತಿತ್ತು. ಸಾಲಾಗಿ ನಿಂತು ಒಟ್ಟಿಗೆ ಹಾರಿಸಿದರೆ ಮಾತ್ರ ಫಲ. ಸಾಲು ಮುರಿಯದೆ ಮುಂದೆ ಸಾಗಬೇಕಾದರೆ ಹೆಜ್ಜೆ ಒಂದಾಗಬೇಕು, ಹೆಜ್ಜೆ ಒಂದಾಗಲು ತಮಟೆಯಂಥದ್ದೊಂದು ಬೇಕು. ಆ ಕಸರತ್ತು ಈಸ್ಟ್ ಇಂಡಿಯಾ ಕಂಪನಿಯ ಪಲ್ಟನ್ನುಗಳ ಜೊತೆ ನಮ್ಮ ನೆಲಕ್ಕೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಅದರ ಸದ್ದು ನೆಲೆಯಾಯಿತು.

ಹೊರಗಿನಿಂದ ಬಂದದ್ದು ಎಂದೆನಾದರೂ ಪೂರ್ತಿ ಹೊರಗಿನದೆನ್ನಲಾಗದು. ಪರೇಡಿನ ದೊಡ್ಡ ಡ್ರಮ್ಮನ್ನೂ ತಾಳದ ತಟ್ಟೆಗಳನ್ನೂ ಯುರೋಪಿನ ಸೈನ್ಯಗಳು ಕಲಿತದ್ದು ತುರ್ಕಿಯ ಆಟೊಮನ್ ಸೈನ್ಯದ ವಾದ್ಯಮೇಳದಿಂದ. ನಮ್ಮ ದೇವಸ್ಥಾನಗಳ ‘ನಗಾರಿ’ ಎಂಬ ಪದವೂ ಅರಬ್ಬಿಯ ‘ನಕ್ಕಾರಾ’ದಿಂದ ಬಂದದ್ದು. ಅದೇ ನಕ್ಕಾರಾ ಪಡುವಣಕ್ಕೂ ಹೋಗಿ, ಅಲ್ಲಿನ ಆರ್ಕೆಸ್ಟ್ರಾದ ಜೋಡಿ ನಗಾರಿಗೆ ಮೂಲವಾಯಿತು. ಒಂದೇ ಬೇರಿನ ಎರಡು ಟಿಸಿಲು ಶತಮಾನಗಳ ಕಾಲ ಬೇರೆಬೇರೆಯಾಗಿ ಬೆಳೆದು ಮತ್ತೆ ಎದುರಾದವು.

ಊದುವ ವಾದ್ಯಗಳ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಾರ್ಚ್ ಧಾಟಿಗಳೆಲ್ಲ ಒಂದಕ್ಕೊಂದು ಹೋಲುವುದರ ಗುಟ್ಟು ಅಲ್ಲಿದೆ. ಬ್ಯೂಗಲ್ ಎಂಬುದು ಬರಿಯ ಸುತ್ತಿದ ಕೊಳವೆ. ತೂತಿಲ್ಲ, ಗುಂಡಿಯಿಲ್ಲ. ತುಟಿಯ ಬಿಗಿ ಬದಲಿಸಿದರೆ ಕೊಳವೆ ತನ್ನ ಸ್ವಭಾವಕ್ಕೆ ತಕ್ಕ ಕೆಲವೇ ಸ್ವರಗಳನ್ನು ಕೊಡುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಮತ್ತೆ ಮೇಲಿನ ಷಡ್ಜ. ಸೈನ್ಯದ ಕರೆಗಳೆಲ್ಲ ಈ ಮೂರು ಸ್ವರಸ್ಥಾನಗಳಲ್ಲೇ ಹೆಣೆದವು. ಕೊಳವೆಯ ಉದ್ದವನ್ನು ಬೆರಳಿನಿಂದಲೇ ಬದಲಿಸುವ ಕವಾಟಗಳಿಗೆ ಪ್ರಷ್ಯಾದಲ್ಲಿ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ. (ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೂ ನೆನಪಿಟ್ಟುಕೊಳ್ಳಲು ಸುಲಭ.) ಕವಾಟ ಬಂದ ಮೇಲೆ ಹಿತ್ತಾಳೆ ವಾದ್ಯಗಳು ಏಳೂ ಸ್ವರ ನುಡಿಸಬಲ್ಲವಾದವು. ಆದರೂ ಅವು ಸಲೀಸಾಗಿ ಓಡುವ ದಾರಿ ಷಡ್ಜ, ಗಾಂಧಾರ, ಪಂಚಮಗಳನ್ನು ಮೈಲಿಗಲ್ಲು ಮಾಡಿಕೊಂಡ ಶ್ರೇಣಿಯೇ. ಪಾಶ್ಚಾತ್ಯರು ಅದನ್ನು ಮೇಜರ್ ಎನ್ನುತ್ತಾರೆ, ನಮ್ಮವರು ಧೀರಶಂಕರಾಭರಣ ಎನ್ನುತ್ತಾರೆ. ಸ್ವರಸ್ಥಾನಗಳ ಮಟ್ಟಿಗೆ ಎರಡೂ ಒಂದೇ. ನಮ್ಮಲ್ಲಿ ಸ್ವರ ತೂಗುತ್ತದೆ, ಜಾರುತ್ತದೆ, ಗಮಕವಾಗುತ್ತದೆ. ಮಾರ್ಚಿನಲ್ಲಿ ಅದಕ್ಕೆ ಎಡೆಯಿಲ್ಲ. ಸೆಕೆಂಡಿಗೆ ಎರಡು ಹೆಜ್ಜೆ ಬೀಳುವಾಗ ಸ್ವರ ಕಲ್ಲಿನ ಮೆಟ್ಟಿಲಿನಂತೆ ನೆಟ್ಟಗಿರಬೇಕು.

ಈ ನೆಟ್ಟಗಿನ ಸ್ವರಗಳ ಸೊಗಸನ್ನು ನಮ್ಮ ಕಡೆ ಮೊದಲು ಕಿವಿಗೊಟ್ಟು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರು ಒಬ್ಬರು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಂಪನಿ ಬ್ಯಾಂಡಿನ ಧಾಟಿಗಳು ಅವರ ಕಿವಿಗೆ ಬಿದ್ದವು. ತಮ್ಮ ಬಾಲುಸ್ವಾಮಿ ಪಿಟೀಲು ಕಲಿತದ್ದೂ ಆ ಸಂಪರ್ಕದಿಂದಲೇ. ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತದ ಮಾತು ತುಂಬಿದರು. ಸುಮಾರು 40 ಇವೆ, ‘ನೋಟ್ಟುಸ್ವರ’ಗಳೆಂದು ಅವುಗಳ ಹೆಸರು. ಎಲ್ಲವೂ ಶಂಕರಾಭರಣದ ನೆಲೆಯವು. ಅವುಗಳಲ್ಲಿ ‘ಸಂತತಂ ಪಾಹಿಮಾಂ’ ಎಂಬುದರ ಮಟ್ಟು ಬ್ರಿಟಿಷರ ರಾಜಗೀತೆಯದು. ದೇವರು ದೊರೆಯನ್ನು ಕಾಪಾಡಲಿ ಎಂದು ಸೈನಿಕರು ನುಡಿಸುತ್ತಿದ್ದುದನ್ನು, ತಾಯಿ ನನ್ನನ್ನು ಸದಾ ಕಾಪಾಡು ಎಂದು ಅವರು ತಿರುಗಿಸಿಕೊಂಡರು. ದೊರೆ ಹೋದ, ಬೇಡಿಕೆ ಉಳಿಯಿತು. ಇಂದಿಗೂ ಸಂಗೀತ ಕಲಿಯುವ ಪುಟ್ಟ ಮಕ್ಕಳಿಗೆ ನೋಟ್ಟುಸ್ವರ ಹೇಳಿಕೊಡುತ್ತಾರೆ. ಕಲಿಸುವವರಲ್ಲಿ ಎಷ್ಟೋ ಮಂದಿಗೆ ತಾವು ಹೇಳಿಕೊಡುತ್ತಿರುವುದು ಕಂಪನಿ ಪಲ್ಟನ್ನಿನ ಬ್ಯಾಂಡಿನಿಂದ ಬಂದದ್ದೆಂಬುದು ನೆನಪಿರುವುದಿಲ್ಲ. ನೆನಪಿರಲೇಬೇಕೆಂದೂ ಇಲ್ಲ. ಮುಂದೆ ಮೈಸೂರಿನ ಆಸ್ಥಾನ ವಿದ್ವಾಂಸರಾದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ‘ಇಂಗ್ಲಿಷ್ ನೋಟ್’ ಎಂದೇ ಹೆಸರಾದ ಒಂದು ರಚನೆ ಮಾಡಿದರು, ಕಛೇರಿಯ ಕೊನೆಯಲ್ಲಿ ಸಭಿಕರು ಅದನ್ನು ಕೇಳಿ ಹಾಡಿಸಿಕೊಳ್ಳುತ್ತಿದ್ದರು.

ಮೈಸೂರಿನಲ್ಲಿ ಬ್ಯಾಂಡು ಅರಮನೆಯನ್ನೇ ಹೊಕ್ಕಿತು. 1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ಸಂಸ್ಥಾನಕ್ಕೆ ತನ್ನದೇ ನಾಡಗೀತೆ ಬೇಕೆನಿಸಿತು. ‘ಅಭಿನವ ಕಾಳಿದಾಸ’ ಬಸವಪ್ಪ ಶಾಸ್ತ್ರಿಗಳು ಬರೆದದ್ದು ‘ಕಾಯೌ ಶ್ರೀಗೌರಿ’. ಗೌರಿ ದೊರೆಯನ್ನು ಕಾಯಲಿ ಎಂಬ ಪ್ರಾರ್ಥನೆ ಅದು, ಬ್ರಿಟಿಷರ ರಾಜಗೀತೆ ಮಾಡುತ್ತಿದ್ದ ಕೆಲಸವನ್ನು ಕನ್ನಡದಲ್ಲಿ ಮಾಡಿತು. ಅದರ ರಾಗ ಧೀರಶಂಕರಾಭರಣ. ಬೇರೆ ರಾಗವಾಗಿದ್ದರೆ ಅದು ವೀಣೆಗೆ ಸೊಗಸಾಗಿರುತ್ತಿತ್ತೇನೋ, ಟ್ರಂಪೆಟ್ಟಿಗೆ ಒದಗುತ್ತಿರಲಿಲ್ಲ. ದರ್ಬಾರಿನಲ್ಲಿ ಹಾಡಲೂ ಬರಬೇಕು, ಬಯಲಲ್ಲಿ ಹಿತ್ತಾಳೆಯ ವಾದ್ಯ ಊದಲೂ ಬರಬೇಕು ಎಂಬಲ್ಲಿ ಶಂಕರಾಭರಣವೇ ಕೈಗೆ ಸಿಗುವುದು. ಅರಮನೆಯಲ್ಲಿ ಎರಡು ಮೇಳಗಳಿದ್ದವು: ಒಂದು ಇಂಗ್ಲಿಷ್ ಬ್ಯಾಂಡು, ಇನ್ನೊಂದು ಕರ್ನಾಟಕ ಬ್ಯಾಂಡು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೊ ಸ್ಮಿತ್ ಅಲ್ಲಿ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದರು.

1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ದೊರೆಯನ್ನು ಕಾಯೆಂದು ಬೇಡುವ ಗೀತೆ ನಾಡಗೀತೆಯಾಗಿ ಉಳಿಯುವ ಕಾಲ ಮುಗಿಯಿತು. ಆದರೂ ‘ಕಾಯೌ ಶ್ರೀಗೌರಿ’ ಸಾಯಲಿಲ್ಲ. ಅರಮನೆಯ ಬ್ಯಾಂಡಿನ ಪರಂಪರೆ ರಾಜ್ಯ ಪೊಲೀಸರ ವಾದ್ಯವೃಂದಕ್ಕೆ ಬಂತು. ದಸರೆಯ ದಿನಗಳಲ್ಲಿ ಅರಮನೆಯ ಮುಂದೆ ಪೊಲೀಸ್ ಸಮೂಹ ವಾದ್ಯಮೇಳ ಆ ಧಾಟಿಯನ್ನು ಎತ್ತಿಕೊಂಡಾಗ ವಯಸ್ಸಾದವರು ಇಂದಿಗೂ ನೆಟ್ಟಗೆ ಕೂರುತ್ತಾರೆ. ರಾಜನಿಷ್ಠೆಗಿಂತ ತಮ್ಮ ಬಾಲ್ಯದ ನೆನಪು ಅವರನ್ನು ಹಾಗೆ ಕೂರಿಸುತ್ತದೆಂದು ನನ್ನ ಎಣಿಕೆ. ಅದೇ ಅರಮನೆ ಬ್ಯಾಂಡಿನಿಂದ ಇನ್ನೊಂದು ಫಲವೂ ಬಂತು. ದಕ್ಷಿಣ ಕನ್ನಡದ ನಾಗಸ್ವರ ಮನೆತನದ ಹುಡುಗನೊಬ್ಬ ಅಲ್ಲಿ ಸ್ಯಾಕ್ಸೊಫೋನಿನ ದನಿ ಕೇಳಿ ಮರುಳಾದ. ಅವರೇ ಕದ್ರಿ ಗೋಪಾಲನಾಥ್. ಗಮಕ ಬಾರದ ಆ ಪರೇಡಿನ ವಾದ್ಯಕ್ಕೆ ಗಮಕ ಕಲಿಸಲು ಅವರು ವರ್ಷಗಟ್ಟಲೆ ಸಾಧನೆ ಮಾಡಿದರು, ವಾದ್ಯದ ಕೀಲಿಗಳನ್ನೇ ತಿದ್ದಿಸಿಕೊಂಡರು.

ಇಷ್ಟು ಹಿನ್ನೆಲೆಯಿಟ್ಟುಕೊಂಡು ನಮ್ಮ ಧಾಟಿಗೆ ಮರಳೋಣ.

1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿಯರ ವಶವಾಯಿತು. ಎರಡು ದಿನ ಬಿಟ್ಟು ಫಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 45 ಸಾವಿರ ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಗಳು ಜಪಾನಿಯರಿಗೆ ಒಪ್ಪಿಸಿದರು. ಅನ್ನ ಕೊಟ್ಟ ಸರ್ಕಾರ ಕೈಬಿಟ್ಟಿತ್ತು, ಊರು ಸಾವಿರಾರು ಮೈಲಿ ದೂರ. ಅವರಲ್ಲಿ ಹಲವರು ಕ್ಯಾಪ್ಟನ್ ಮೋಹನ್ ಸಿಂಗ್ ಕಟ್ಟಿದ ಆಜಾದ್ ಹಿಂದ್ ಫೌಜು ಸೇರಿದರು. ಮರುವರ್ಷ ಜುಲೈಯಲ್ಲಿ ಸುಭಾಷ್ ಚಂದ್ರ ಬೋಸರು ಸಿಂಗಪುರಕ್ಕೆ ಬಂದು ಅದರ ನಾಯಕತ್ವ ವಹಿಸಿದರು, ಅಕ್ಟೋಬರ್ 21ರಂದು ಆಜಾದ್ ಹಿಂದ್ ಸರ್ಕಾರವನ್ನು ಘೋಷಿಸಿದರು.

ಈ ಫೌಜಿನಲ್ಲಿ ರಾಮ್ ಸಿಂಗ್ ಠಾಕುರಿ ಎಂಬ ಗೂರ್ಖಾ ಯೋಧರಿದ್ದರು. ಧರ್ಮಶಾಲೆಯ ಹತ್ತಿರದ ಖನಿಯಾರಾ ಅವರ ಊರು. ಹುಡುಗನಾಗಿದ್ದಾಗಲೇ ಒಂದನೇ ಗೂರ್ಖಾ ರೈಫಲ್ಸಿನ ಬ್ಯಾಂಡು ಸೇರಿ ಪಾಶ್ಚಾತ್ಯ ಸಂಗೀತ ಕಲಿತವರು. ಬ್ರಿಟಿಷ್ ಪಲ್ಟನ್ನಿನಲ್ಲಿ ಕಲಿತ ವಿದ್ಯೆಯನ್ನು ಬ್ರಿಟಿಷರ ವಿರುದ್ಧ ಹೊರಟವರ ಕಾಲಿಗೆ ಕಟ್ಟಿಕೊಟ್ಟರು. ‘ಕದಮ್ ಕದಮ್’ ಗೀತೆಯ ಮಾತು ಬರೆದವರು ಉತ್ತರ ಪ್ರದೇಶದ ಕವಿ ವಂಶೀಧರ ಶುಕ್ಲ, ಧಾಟಿ ರಾಮ್ ಸಿಂಗ್ ಅವರದು. ಬೋಸರು ಅವರಿಗೆ ಒಂದು ಪಿಟೀಲು ಉಡುಗೊರೆ ಕೊಟ್ಟಿದ್ದರು. ಕೊನೆಯವರೆಗೂ ಅದು ಅವರ ಕೈಯಲ್ಲಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಜನಗಣಮನದ ಧಾಟಿಯನ್ನೂ ರಾಮ್ ಸಿಂಗ್ ಅವರೇ ಕಟ್ಟಿದರೆಂದು ಆಗಾಗ ಯಾರಾದರೂ ಹೇಳುವುದುಂಟು. ಹಾಗಲ್ಲ. ಆ ಗೀತೆ ರವೀಂದ್ರನಾಥ ಠಾಕೂರರದು. 1911ರ ಡಿಸೆಂಬರಿನ ಕಲ್ಕತ್ತ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಹಾಡಿದ್ದರು. 1919ರಲ್ಲಿ ನಮ್ಮ ಗಡಿಯಾಚೆಯ ಮದನಪಲ್ಲಿಯಲ್ಲಿ ಮಾರ್ಗರೆಟ್ ಕಸಿನ್ಸ್ ಅದಕ್ಕೆ ಪಾಶ್ಚಾತ್ಯ ಸ್ವರಲಿಪಿ ಬರೆದುಕೊಂಡಿದ್ದರು. ಆಗ ರಾಮ್ ಸಿಂಗ್ ನಾಲ್ಕೈದು ವರ್ಷದ ಮಗು. ಅವರು ಮಾಡಿದ ಕೆಲಸ ಬೇರೆ. ಆಜಾದ್ ಹಿಂದ್ ಸರ್ಕಾರ ಅದೇ ಮಟ್ಟಿಗೆ ‘ಶುಭ ಸುಖ ಚೈನ್’ ಎಂಬ ಹಿಂದೂಸ್ತಾನಿ ಗೀತೆ ಬರೆಸಿತು. ಬರೆದವರು ಆಬಿದ್ ಹಸನ್ ಮತ್ತು ಮುಮ್ತಾಜ್ ಹುಸೇನ್. ಅದನ್ನು ಬ್ಯಾಂಡಿಗೆ ಅಳವಡಿಸಿದವರು ರಾಮ್ ಸಿಂಗ್. ಅದೇನೂ ಸಣ್ಣ ಕೆಲಸವಲ್ಲ. ಇಲ್ಲದ ಕೀರ್ತಿಯನ್ನು ಹೊರಿಸಿದರೆ ಇರುವ ಕೀರ್ತಿಗೇ ಕುಂದು.

1944ರಲ್ಲಿ ಇಂಫಾಲದ ಕಡೆ ಹೊರಟ ಫೌಜು ಮಳೆ, ಮಲೇರಿಯಾ, ಹಸಿವುಗಳಿಗೆ ಸಿಕ್ಕಿ ಹಿಂದಿರುಗಬೇಕಾಯಿತು. 1945ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಖ್ಷ್ ಸಿಂಗ್ ಧಿಲ್ಲೋನರ ಮೇಲೆ ರಾಜದ್ರೋಹದ ವಿಚಾರಣೆ ಶುರುವಾಯಿತು. ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಒಬ್ಬ ಸಿಖ್ಖ. ಮೂವರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿ ಸರ್ಕಾರವೇ ದೇಶವನ್ನು ಒಂದುಗೂಡಿಸಿಕೊಟ್ಟಿತು. ಅದುವರೆಗೆ ಫೌಜಿನ ಸುದ್ದಿ ದೇಶದೊಳಗೆ ಸರಿಯಾಗಿ ತಲುಪಿರಲಿಲ್ಲ. ವಿಚಾರಣೆಯ ಸುದ್ದಿಯ ಜೊತೆಗೆ ಫೌಜಿನ ಹಾಡುಗಳೂ ಹೊರಬಂದವು. ‘ಕದಮ್ ಕದಮ್’ ದೇಶದ್ರೋಹದ ಹಾಡೆಂದು ಬ್ರಿಟಿಷ್ ಸರ್ಕಾರ ನಿಷೇಧಿಸಿತು. 1947ರ ಆಗಸ್ಟಿನಲ್ಲಿ ನಿಷೇಧ ತೆರವಾಯಿತು.

ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಅದರ ನಂತರದ್ದು. ಸ್ವತಂತ್ರ ಭಾರತದ ಸೇನೆ ಆಜಾದ್ ಹಿಂದ್ ಫೌಜಿನ ಯೋಧರನ್ನು ಮರಳಿ ಸೇರಿಸಿಕೊಳ್ಳಲಿಲ್ಲ. ಅದಕ್ಕೆ ಕಾರಣಗಳಿದ್ದವು. ಬ್ರಿಟಿಷ್ ಭಾರತದ ಸೈನ್ಯವೇ ಸ್ವತಂತ್ರ ಭಾರತದ ಸೈನ್ಯವಾಗಿ ಮುಂದುವರಿದಿತ್ತು. ಬರ್ಮಾದ ಗಡಿಯಲ್ಲಿ ಎದುರುಬದುರಾಗಿ ಗುಂಡು ಹಾರಿಸಿದ್ದವರು ಒಂದೇ ಬ್ಯಾರಕ್ಕಿನಲ್ಲಿ ಹೇಗಿದ್ದಾರು? ಪ್ರಮಾಣವಚನಕ್ಕೆ ಕಟ್ಟುಬಿದ್ದು ನಿಂತವರಿಗೂ ಅದನ್ನು ಮುರಿದು ಬೇರೊಂದು ನಿಷ್ಠೆಗೆ ಕೊರಳೊಡ್ಡಿದವರಿಗೂ ಬಡ್ತಿಯ ಪಟ್ಟಿಯಲ್ಲಿ ಯಾವ ಸ್ಥಾನ? ಆಳುವವರಿಗೆ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಫೌಜಿನವರು ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕಾಯಿತು. ರಾಮ್ ಸಿಂಗ್ ಅವರೂ ಲಖನೌಗೆ ಹೋಗಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯ ಬ್ಯಾಂಡಿನಲ್ಲಿ ಬಾಳು ಕಳೆದರು. ಆಳುಗಳಿಗೆ ಮುಚ್ಚಿದ್ದ ಬಾಗಿಲು ಧಾಟಿಗೆ ತೆರೆಯಿತು. ಕಾಲಕ್ರಮದಲ್ಲಿ ‘ಕದಮ್ ಕದಮ್’ ಭಾರತೀಯ ಸೇನೆಯ ತೇಜ್ ಚಲ್ ಧಾಟಿಗಳಲ್ಲಿ ಒಂದಾಯಿತು. ಯಾವ ಸೈನ್ಯದ ವಿರುದ್ಧ ಅದನ್ನು ಕಟ್ಟಿದ್ದರೋ ಆ ಸೈನ್ಯದ ಮುಂದಿನ ಪೀಳಿಗೆ ಅದಕ್ಕೆ ಹೆಜ್ಜೆ ಹಾಕತೊಡಗಿತು. ಮೊಹರು ಹಾಕಿದ ಆದೇಶಗಳಿಗೆ ಸಾಧ್ಯವಾಗದ ರಾಜಿಯನ್ನು ಬ್ಯಾಂಡಿನವರು ಮಾಡಿದರು.

ಅದು ಸಾಧ್ಯವಾದದ್ದು ಮಟ್ಟಿನ ಗುಣದಿಂದಲೇ. ಬ್ಯಾಂಡು ನುಡಿಸುವಾಗ ಮಾತಿರುವುದಿಲ್ಲ. ಮಾತಿಲ್ಲದೆಡೆ ಯಾರ ಪರ, ಯಾರ ವಿರುದ್ಧ ಎಂಬ ತಕರಾರೂ ಏಳುವುದಿಲ್ಲ. ‘ಸಾರೇ ಜಹಾಂ ಸೆ ಅಚ್ಛಾ’ ಗೀತೆಯದೂ ಇಂಥದೇ ಬಾಳು. ಇಕ್ಬಾಲರು ಅದನ್ನು ಬರೆದದ್ದು 1904ರಲ್ಲಿ. ಮುಂದೆ ಅವರ ರಾಜಕೀಯ ವಿಚಾರವೇ ಬೇರೆಯಾಯಿತು, ಪಾಕಿಸ್ತಾನ ಅವರನ್ನು ತನ್ನ ರಾಷ್ಟ್ರಕವಿಯೆಂದಿತು. ಇತ್ತ 1945ರಲ್ಲಿ ರವಿಶಂಕರ್ ಕೊಟ್ಟ ಹೊಸ ಧಾಟಿ ಭಾರತದ ಸೇನಾ ಬ್ಯಾಂಡುಗಳ ಅಚ್ಚುಮೆಚ್ಚಾಯಿತು. ಜನವರಿ 29ರ ಸಂಜೆ ದೆಹಲಿಯ ಬೀಟಿಂಗ್ ರಿಟ್ರೀಟ್ ಮುಗಿಯುವುದು ಅದರಿಂದಲೇ.

‘ಕದಮ್ ಕದಮ್’ ಸಿನಿಮಾಕ್ಕೂ ಹೋಯಿತು. 1950ರಲ್ಲಿ ಫೌಜಿನ ಹಿನ್ನೆಲೆಯ ‘ಸಮಾಧಿ’ ಚಿತ್ರದಲ್ಲಿ ಸಿ. ರಾಮಚಂದ್ರ ಅದನ್ನು ಬಳಸಿಕೊಂಡರು, ಶ್ಯಾಮ್ ಬೆನೆಗಲ್ ಅವರ ಬೋಸ್ ಚಿತ್ರಕ್ಕೆ ಎ. ಆರ್. ರೆಹಮಾನ್ ಮತ್ತೆ ಕಟ್ಟಿದರು. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ನಂಟು 2022ರ ಸೆಪ್ಟೆಂಬರ್ 8ರಂದು ಒದಗಿತು. ದೆಹಲಿಯ ಇಂಡಿಯಾ ಗೇಟಿನ ಬಳಿ ಒಂದು ಕಲ್ಲಿನ ಮಂಟಪವಿದೆ. ಐದನೇ ಜಾರ್ಜ್ ದೊರೆಯ ಪ್ರತಿಮೆಗೆಂದು ಬ್ರಿಟಿಷರು ಕಟ್ಟಿಸಿದ್ದು. 1960ರ ದಶಕದಲ್ಲಿ ದೊರೆಯ ಪ್ರತಿಮೆ ತೆಗೆದ ಮೇಲೆ ಮಂಟಪ ಬರಿದಾಗಿಯೇ ಇತ್ತು. ಅಂದು ಅಲ್ಲಿ ಅನಾವರಣಗೊಂಡದ್ದು 28 ಅಡಿ ಎತ್ತರದ ಬೋಸರ ಕರಿಕಲ್ಲಿನ ಪ್ರತಿಮೆ. ಕೆತ್ತಿದವರ ಮುಂದಾಳು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್. ಅನಾವರಣದ ಹೊತ್ತಿಗೆ ಮೊಳಗಿದ ಧಾಟಿ ‘ಕದಮ್ ಕದಮ್’. ಪ್ರತಿಮೆಯ ಬಂಡೆ ತೆಲಂಗಾಣದ ಖಮ್ಮಂನಿಂದ ಬಂದದ್ದು. ಕರಿಕಲ್ಲಿನ ಗಣಿಗಳಿಗೆ ಹೆಸರಾದ, ಕಲ್ಲನ್ನು ದೇಶವಿದೇಶಕ್ಕೆ ಕಳಿಸುವ ಚಾಮರಾಜನಗರದ ಜನಕ್ಕೆ ಆ ಕಲ್ಲಿನ ಹೊಳಪು ಹೊಸದಲ್ಲ. ದೊರೆಗೆಂದು ಕಟ್ಟಿದ ಮಂಟಪದಲ್ಲಿ ದೊರೆಯ ವಿರುದ್ಧ ದಂಡೆತ್ತಿದವನು ನಿಂತ. ಮಟ್ಟು ಹಳೆಯದು, ಮಾತು ಹೊಸದು. ದೀಕ್ಷಿತರು ಬ್ರಿಟಿಷರ ರಾಜಗೀತೆಗೆ ಮಾಡಿದ್ದನ್ನೇ ಇಲ್ಲಿ ಕಲ್ಲಿನಲ್ಲಿ ಮಾಡಿದ್ದಾರೆ ಎನಿಸುತ್ತದೆ.

ದೆಹಲಿಯ ಮಾತು ಸಾಕು. ನಮ್ಮ ಊರುಗಳಲ್ಲಿ ಮಾರ್ಚ್ ಧಾಟಿಗಳನ್ನು ವರ್ಷವಿಡೀ ಬದುಕಿಸುತ್ತಿರುವವರು ಸೈನ್ಯದವರಲ್ಲ, ಪೊಲೀಸರೂ ಅಲ್ಲ, ಬ್ಯಾಂಡ್ ಸೆಟ್ಟಿನವರು. ಮದುವೆಯ ಮೆರವಣಿಗೆ, ಗಣೇಶನ ವಿಸರ್ಜನೆ, ಗೆದ್ದ ಅಭ್ಯರ್ಥಿಯ ಮೆರವಣಿಗೆ ಎಲ್ಲಕ್ಕೂ ಅವರೇ ಬೇಕು. ಅವರ ಕೆಂಪು ಕೋಟು, ಭುಜದ ಜರಿ, ತಲೆಯ ಟೋಪಿ ಎಲ್ಲವೂ ಹಳೆಯ ಪಲ್ಟನ್ನಿನ ವೇಷದ ನೆನಪು. ಚಾಮರಾಜನಗರದ ಸುತ್ತ ಕಂಸಾಳೆಯಿದೆ, ಗೊರವರ ಡಮರುಗವಿದೆ, ನೀಲಗಾರರ ಪದವಿದೆ, ತಮಟೆಯಿದೆ, ವಾಲಗವಿದೆ. ಇವುಗಳ ನಡುವೆ ಬ್ಯಾಂಡು ತನ್ನ ಜಾಗ ಮಾಡಿಕೊಂಡಿದೆ. ಮದುವೆಯ ದಿಬ್ಬಣ ಸೈನ್ಯದಂತೆ ನಡೆಯುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತದೆ, ಹುಡುಗರು ಕುಣಿಯುತ್ತಾರೆ. ಹಾಗಾಗಿ ಅವರ ಕೈಯಲ್ಲಿ ಮಾರ್ಚ್ ಧಾಟಿಯ ಲಯ ಕೊಂಚ ಬಳುಕುತ್ತದೆ, ಸೈಡ್ ಡ್ರಮ್ಮಿನವನು ತಮಟೆಯ ಗತ್ತು ಬೆರೆಸುತ್ತಾನೆ. ಗಮಕಕ್ಕೆ ಎಡೆಯಿಲ್ಲದ ಕಡೆ ಕ್ಲಾರಿನೆಟ್ಟಿನವನು ಒಂದು ಎಳೆತ ಎಳೆದೇ ಬಿಡುತ್ತಾನೆ. ಶುದ್ಧತೆ ಕೆಟ್ಟಿತೆಂದು ಇದಕ್ಕೆ ಮೂಗು ಮುರಿಯುವವರನ್ನು ನಾನು ಒಪ್ಪಲಾರೆ. ಇವರಲ್ಲಿ ಬಹುಮಂದಿಗೆ ಸ್ವರಲಿಪಿ ಓದಲು ಬಾರದು. ಅಪ್ಪನಿಂದ, ಮಾವನಿಂದ ಕಿವಿಯಲ್ಲೇ ಕಲಿತವರು. ಮದುವೆಯ ಸೀಸನ್ನು ಮುಗಿದರೆ ಕೂಲಿಗೆ ಹೋಗುವವರು. ಡಿಜೆ ಪೆಟ್ಟಿಗೆಗಳು ಬಂದ ಮೇಲೆ ಅವರ ಕರೆಗಳು ಕಡಿಮೆಯಾಗಿವೆ. ಡಿಜೆಯ ಸದ್ದಿಗೆ ಜನ ಕುಣಿಯಬಹುದು, ಆದರೆ ಉಸಿರು ಬಿಗಿಹಿಡಿದು ಊದುತ್ತಾ ಜೊತೆಗೆ ನಡೆಯುವ ಮನುಷ್ಯರು ಅದರಲ್ಲಿಲ್ಲ.

ಶಾಲೆಗಳಲ್ಲಿಯೂ ಪೆನ್‌ಡ್ರೈವ್ ಹಾಕಿ ಸ್ಪೀಕರಿನಲ್ಲಿ ಮಾರ್ಚ್ ಕೇಳಿಸುವುದು ಹೆಚ್ಚುತ್ತಿದೆ. ಅದರ ತೊಂದರೆ ಏನೆಂದು ಪಿಟಿ ಮೇಷ್ಟ್ರುಗಳನ್ನು ಕೇಳಬೇಕು. ಮೂರನೇ ತರಗತಿಯ ಮಗುವಿನ ಹೆಜ್ಜೆ 30 ಅಂಗುಲವಿರುವುದಿಲ್ಲ. ಮುಂದಿನ ಸಾಲಿಗೆ ಮುಟ್ಟಲು ಆ ಮಗು ಓಡುತ್ತದೆ, ಓಡಿದರೆ ತಾಳ ತಪ್ಪುತ್ತದೆ. ಎದುರಿಗಿರುವ ಡ್ರಮ್ಮಿನ ಹುಡುಗ ಅದನ್ನು ನೋಡಿ ಏಟನ್ನು ಒಂದಿಷ್ಟು ನಿಧಾನ ಮಾಡಬಲ್ಲ. ಸ್ಪೀಕರಿಗೆ ಕಣ್ಣಿಲ್ಲ.

ಇನ್ನೊಂದು ಮಾತು. ರಾಮ್ ಸಿಂಗ್ ಠಾಕುರಿ ತೀರಿಕೊಂಡದ್ದು 2002ರ ಏಪ್ರಿಲ್ 15ರಂದು, ಲಖನೌದಲ್ಲಿ. ಹುಟ್ಟಿದ್ದು 1914ರ ಆಗಸ್ಟ್ 15ರಂದು. ನಮ್ಮ ಮೈದಾನಗಳಲ್ಲಿ ಅವರ ಧಾಟಿ ನುಡಿಯುವ ದಿನವೇ ಅವರ ಹುಟ್ಟಿದ ದಿನ. ಪಥಸಂಚಲನ ಸಾಗುತ್ತಿರುವಾಗ ಮೈಕಿನಲ್ಲಿ ನಿರೂಪಕರು ಒಂದೊಂದು ತುಕಡಿಯ ಹೆಸರನ್ನೂ ಅದರ ಮುಂದಾಳುವಿನ ಹೆಸರನ್ನೂ ಹೇಳುತ್ತಾ ಹೋಗುತ್ತಾರೆ. ಅದೇ ಉಸಿರಿನಲ್ಲಿ ಇದನ್ನೂ ಸೇರಿಸಬಹುದು: ಈಗ ನೀವು ಕೇಳುತ್ತಿರುವ ಧಾಟಿಯನ್ನು ಕಟ್ಟಿದವರು ಆಜಾದ್ ಹಿಂದ್ ಫೌಜಿನ ರಾಮ್ ಸಿಂಗ್ ಠಾಕುರಿ, ಇಂದು ಅವರ ಹುಟ್ಟುಹಬ್ಬ. ಹೇಳಲು ಹತ್ತು ಸೆಕೆಂಡು ಸಾಕು, ಅಷ್ಟರಲ್ಲಿ ಮಕ್ಕಳು ಇಪ್ಪತ್ತು ಹೆಜ್ಜೆ ಮುಂದೆ ಹೋಗಿರುತ್ತಾರೆ.